‘ಲೈನ್ ಬಂದ್ ಐತಿ, ಮುಟ್ಟು’

ಕರೆಂಟಿನ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬಂದು, ‘ನಿಮ್ಮ ಅನುಭವ ಹೇಳ್ರಿ ಸರ್’ ಎನ್ನುತ್ತಾರೆ. ನಾನು ಹೇಗೆ ಮೇಲೇರಿದೆ ಎಂಬುದನ್ನು ತಿಳಿಯಬೇಕೆಂಬ ಆಸೆ ಅವರಿಗೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ನನ್ನ ಮುಂದಿದ್ದವರು ನಿವೃತ್ತರಾಗುತ್ತ ಹೋದರು, ನಾನು ಅವರ ಕುರ್ಚಿಯಲ್ಲಿ ಕೂರುತ್ತ ಹೋದೆ. ಖರೆ ಹೇಳಬೇಕೆಂದರೆ ನಾನು ಮೇಲೇರಿದ್ದು ಎರಡೇ ಸಲ, ಎರಡೂ ಸಲ ಕಂಬದ ಮೇಲೆ. ಅದನ್ನಷ್ಟು ಬರೆದಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿ ಸೆಕ್ಷನ್ ಆಫೀಸರನಾಗಿ ಸೇರಿದಾಗ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕೂ ಕಡೆಯ ಲೈನ್‌ಮನ್‌ಗಳದ್ದು ಒಂದು ಬಳಗವಿತ್ತು. ‘ಕಂಬದ ಅಣ್ಣತಮ್ಮರು’ ಎನ್ನುತ್ತಿದ್ದರು. ಅದಕ್ಕೆ ಬೋರ್ಡಿರಲಿಲ್ಲ, ಅಧ್ಯಕ್ಷರಿರಲಿಲ್ಲ. ಒಬ್ಬ ಕಂಬದಿಂದ ಬಿದ್ದು ಕಾಲು ಮುರಿದುಕೊಂಡರೆ ಉಳಿದವರು ಸರದಿಯ ಮೇಲೆ ಹೋಗಿ ಅವನ ಹೊಲ ಹರಗಿ ಬರುತ್ತಿದ್ದರು. ಒಬ್ಬನ ಮಗಳ ಲಗ್ನವೆಂದರೆ ನಾಲ್ಕೂ ಊರಿನವರು ಬಂದು ಪಂಕ್ತಿಗೆ ಬಡಿಸುತ್ತಿದ್ದರು. ಜಾತಿ ಕೇಳುವ ಪದ್ಧತಿ ಇರಲಿಲ್ಲ. ಲಕ್ಷ್ಮೇಶ್ವರದ ಹುಸೇನಸಾಬ ಎಂಬ ಹಿರಿಯ ಮಿಸ್ತ್ರಿ ಬಳಗಕ್ಕೆಲ್ಲ ದೊಡ್ಡಣ್ಣ. ಬಿಳಿ ಗಡ್ಡ, ತೆಳ್ಳನೆಯ ಮೈ. ಮೂವತ್ತು ವರ್ಷ ಕಂಬ ಏರಿದ ಮನುಷ್ಯ ನೆಲದ ಮೇಲೆ ನಡೆಯುವಾಗ ಮಾತ್ರ ಸ್ವಲ್ಪ ಎಡವುತ್ತಿದ್ದ. ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಆಫೀಸರುಗಳೂ ಬಳಗಕ್ಕೆ ಸೇರಬಹುದಿತ್ತು. ಒತ್ತಾಯವೇನೂ ಇಲ್ಲ. ನನಗಿಂತ ಮೊದಲು ಇದ್ದ ಸಾಹೇಬರೊಬ್ಬರು ಸೇರಲು ಒಪ್ಪಲಿಲ್ಲವಂತೆ. ಅವರಿಗೆ ಯಾರೂ ತೊಂದರೆ ಕೊಡಲಿಲ್ಲ. ಲೈನ್‌ಮನ್‌ಗಳು ಎಲ್ಲ ಕೆಲಸವನ್ನೂ ನಿಯಮದ ಪ್ರಕಾರ ಮಾಡಿದರು, ಅಷ್ಟೆ. ಒಂದು ಫ್ಯೂಸು ಹಾಕಬೇಕೆಂದರೂ ಅರ್ಜಿ, ಅನುಮತಿ, ಏಣಿ, ಏಣಿ ಹಿಡಿಯುವವನು, ಹಿಡಿದದ್ದನ್ನು ನೋಡುವವನು. ಮಳೆಗಾಲ ಮುಗಿಯುವುದರೊಳಗೆ ಆ ಸಾಹೇಬರು ಕೈಮುಗಿದು ವರ್ಗ ಮಾಡಿಸಿಕೊಂಡು ಹೋದರು.

ಬಳಗಕ್ಕೆ ಸೇರಲು ಇದ್ದದ್ದು ಒಂದೇ ದೀಕ್ಷೆ. ಅದಕ್ಕೆ ‘ಮುಟ್ಟೂದು’ ಎಂದು ಹೆಸರು. ದುರಸ್ತಿಗೆಂದು ಹನ್ನೊಂದು ಸಾವಿರ ವೋಲ್ಟಿನ ಲೈನನ್ನು ಬಂದ್ ಮಾಡಿದ ದಿನ, ಕಂಬಕ್ಕೆ ಅರಿಷಿಣ ಕುಂಕುಮ ಹಚ್ಚಿ, ಹೊಸಬನನ್ನು ಮೇಲೆ ಹತ್ತಿಸುತ್ತಾರೆ. ದೊಡ್ಡಣ್ಣ ಕೆಳಗೆ ನಿಂತು, ಕಂಬದ ಮೇಲೆ ಕೈಯಿಟ್ಟು, ‘ಲೈನ್ ಬಂದ್ ಐತಿ, ಮುಟ್ಟು’ ಎನ್ನುತ್ತಾನೆ. ಹೊಸಬ ಬರಿಗೈಯಿಂದ ತಂತಿ ಹಿಡಿಯಬೇಕು. ಪರೀಕ್ಷೆ ಮಾಡಿ ನೋಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಅಣ್ಣನ ಮಾತೇ ಪರೀಕ್ಷೆ. ಹಿಡಿದರೆ ನೀನು ತಮ್ಮ. ಹಿಡಿಯದಿದ್ದರೆ ಸರಕಾರಿ ನೌಕರ.

ಗದಗಿನ ಆಫೀಸಿನಲ್ಲಿ ಗುರಾಚಾರರು ಎಂಬ ಹೆಡ್‌ಕ್ಲಾರ್ಕ್ ಇದ್ದರು. ಜೀವಮಾನದಲ್ಲಿ ಸ್ಟೂಲಿನ ಮೇಲೆ ಸಹ ಹತ್ತಿದವರಲ್ಲ. ನನ್ನ ಅಂಜಿಕೆಯನ್ನು ಅವರು ಬಹಳ ಮುತುವರ್ಜಿಯಿಂದ ಬೆಳೆಸಿದರು.

‘ಮುಟ್ಟಿದವ್ರೆಲ್ಲಾ ಅಣ್ಣತಮ್ಮರಾಗ್ಯಾರ, ಖರೆ. ಆಗದವ್ರ ಸುದ್ದಿ ಹೇಳಾಕ ಯಾರ ಉಳ್ದಾರ್ರಿ?’ ಎಂದರು ಒಮ್ಮೆ.

‘ಅಂದ್ರ? ಹಂಗ ಯಾರರ ಹೋಗ್ಯಾರೇನ್ರಿ?’

‘ನಾ ಎಲ್ಲಿ ಹೋಗ್ಯಾರ ಅಂದೆ? ಬೆಟಗೇರಿಯೊಳಗ ಒಬ್ಬವ್ಗ ತಲಿಗೂದ್ಲ ಅವತ್ತ ಎದ್ದು ನಿಂತಾವು, ಇನ್ನೂ ಕುಂತಿಲ್ಲಂತ. ನಾ ನೋಡಿಲ್ಲ ಬಿಡ್ರಿ. ಚಾ ತಗೋರಿ.’

ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಬೇರೆ. ಲೈನ್ ಬಂದ್ ಮಾಡು, ಕೀಲಿ ಹಾಕು, ಪರೀಕ್ಷಿಸು, ಆಮೇಲೆ ಅರ್ಥಿಂಗ್ ಚೈನ್ ಎಸೆ. ಚೈನಿನ ಒಂದು ತುದಿಯನ್ನು ಭೂಮಿಗೆ ಇಳಿದ ತಂತಿಗೆ ಬಿಗಿದು, ಇನ್ನೊಂದನ್ನು ಲೈನಿನ ಮೇಲೆ ಎಸೆಯುವುದು. ಅಕಸ್ಮಾತ್ ಎಲ್ಲಿಂದಾದರೂ ಕರೆಂಟು ಬಂದರೂ ಅದು ನೆಲಕ್ಕೆ ಇಳಿದುಹೋಗುತ್ತದೆ, ಮನುಷ್ಯನ ಮೈಯಲ್ಲಿ ಇಳಿಯುವುದಿಲ್ಲ. ನಮ್ಮ ಸೆಕ್ಷನ್ನಿನಲ್ಲೂ ಅಂಥ ಒಂದು ಚೈನ್ ಇತ್ತು. ಏಣಿಯನ್ನು ಯಾರೂ ಕದಿಯಬಾರದೆಂದು ಅದನ್ನು ಕಿಟಕಿಗೆ ಕಟ್ಟಲು ಬಳಸುತ್ತಿದ್ದರು. ರಬ್ಬರಿನ ಕೈಗವಸುಗಳ ಬಗ್ಗೆ ಗದಗಿನ ದೊಡ್ಡ ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, ‘ಸುರಕ್ಷತಾ ಸಾಮಾನು ಎಲ್ಲಾ ಸ್ಟೋರಿನಾಗ ಸುರಕ್ಷಿತ ಅದಾವ. ಹೊರಗ ಕೊಟ್ರ ಹಾಳಾಗ್ತಾವ’ ಎಂದರು.

ನನ್ನ ದೀಕ್ಷೆ ಹರ್ತಿಯ ಹತ್ತಿರ, ಹತ್ತಿ ಹೊಲದ ನಡುವಿನ ಒಂದು ಕಂಬದ ಮೇಲೆ ನಡೆಯಿತು. ಕಂಬ ಏರುವಾಗ ಎಡಗಾಲು ನನ್ನ ಮಾತು ಕೇಳುತ್ತಿತ್ತು, ಬಲಗಾಲು ಗುರಾಚಾರರ ಮಾತು ಕೇಳುತ್ತಿತ್ತು. ಮೇಲೆ ತಲುಪಿ ತಂತಿಯನ್ನು ನೋಡಿದೆ. ಬಂದ್ ಇರುವ ತಂತಿ, ಕರೆಂಟಿರುವ ತಂತಿ, ಎರಡೂ ನೋಡಲು ಒಂದೇ ಥರ ಇರುತ್ತವೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಒಂದು ಮೊಳ ದೂರದಿಂದ ನೋಡಿದಾಗ ಅದು ಹೊಸದಾಗಿ ತಿಳಿಯುತ್ತದೆ. ನಾನು ಓದಿದ್ದರ ಲಾಭವೆಂದರೆ, ಎಷ್ಟು ಬೇಗ ಸಾಯುತ್ತೇನೆಂದು ಲೆಕ್ಕ ಹಾಕಬಲ್ಲವನಾಗಿದ್ದೆ.

ಕೆಳಗಿನಿಂದ ಹುಸೇನಸಾಬನ ದನಿ ಬಂತು. ‘ಸಾಹೇಬ್ರ, ಲೈನ್ ಬಂದ್ ಐತಿ. ಮುಟ್ರಿ.’

ಕಣ್ಣು ಮುಚ್ಚಿ ಹಿಡಿದೆ. ತಂತಿ ಬಿಸಿಲಿಗೆ ಕಾದಿತ್ತು. ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ಲಿನ ಹ್ಯಾಂಡಲ್ ಹಿಡಿದ ಹಾಗೆ, ಅಷ್ಟೇ. ಕೆಳಗೆ ಎಲ್ಲರೂ ನಕ್ಕರು. ಇಳಿದು ಬಂದಾಗ ಹುಸೇನಸಾಬ ನನ್ನನ್ನು ಅಪ್ಪಿಕೊಂಡು, ‘ಇನ್ನ ನೀವು ನಮ್ಮ ತಮ್ಮರು. ಬರ್ರಿ, ಮಂಡಕ್ಕಿ ತಿನ್ರಿ’ ಎಂದ. ಆ ಹೊಲದ ಬದುವಿನ ಮೇಲೆ ಕೂತು ತಿಂದ ಮಂಡಕ್ಕಿ, ಮಿರ್ಚಿಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಅಂಜಿಕೆಯನ್ನು ಗೆದ್ದೆ ಎಂದು ನಾನು ತಿಳಿದೆ. ಗದಗಿನ ಪೇಟೆಯಲ್ಲಿ ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಓಡಾಡಿದೆ. ಗುರಾಚಾರರ ಮುಂದೆ ನಿಂತು ತಲೆಗೂದಲು ಬಾಚಿಕೊಂಡೆ. ಸೆಕ್ಷನ್ನಿನ ಕೆಲಸವೂ ಹೂ ಎತ್ತಿದ ಹಾಗೆ ನಡೆಯಿತು. ಅನುಮತಿ, ಅರ್ಜಿ ಯಾವುದೂ ಬೇಡ. ‘ದೊಡ್ಡಣ್ಣ ಹೇಳ್ಯಾನ’ ಎಂದರೆ ಮುಗಿಯಿತು.

ಆಗ ಬಂದವನು ಶರಣಪ್ಪ.

ಬೆಟಗೇರಿಯ ನೇಕಾರ. ಮಗ್ಗ ಕೈಬಿಟ್ಟ ಮೇಲೆ ನಮ್ಮಲ್ಲಿ ಹೆಲ್ಪರ್ ಆಗಿ ಸೇರಿದ್ದ. ವಯಸ್ಸು ಮೂವತ್ತು ದಾಟಿತ್ತು, ಇಬ್ಬರು ಹೆಣ್ಣುಮಕ್ಕಳಿದ್ದರು. ಕೆಲಸದಲ್ಲಿ ಚುರುಕು. ಆದರೆ ಪ್ರಶ್ನೆ ಬಹಳ ಕೇಳುತ್ತಿದ್ದ. ‘ಅಣ್ಣಾ, ಲೈನ್ ಬಂದ್ ಮಾಡಿದವ್ರು ಯಾರು? ಅವ್ರಿಗೆ ಮಾಡಂತ ಹೇಳಿದವ್ರು ಯಾರು? ಅವ್ರು ನಡುವ ಚಾ ಕುಡ್ಯಾಕ ಹೋದ್ರ?’

‘ಏ ಶರಣ್ಯಾ, ನೀ ಲೈನ್‌ಮನ್ ಆಗಾಕ ಬಂದೀಯೊ, ವಕೀಲ ಆಗಾಕ ಬಂದೀಯೊ?’ ಎಂದು ಉಳಿದವರು ನಗುತ್ತಿದ್ದರು.

‘ಮಗ್ಗದಾಗ ಎಳಿ ಹರದ್ರ ಗಂಟ ಹಾಕ್ತಿದ್ದೆ ಅಣ್ಣಾ. ಇಲ್ಲಿ ಹರದ್ರ ಯಾರು ಗಂಟ ಹಾಕ್ತೀರಿ?’

ಅವನ ದೀಕ್ಷೆ ಮುಂದೆ ಮುಂದೆ ಹೋಗುತ್ತಲೇ ಇತ್ತು. ಒಮ್ಮೆ ಹೊಟ್ಟೆನೋವು, ಒಮ್ಮೆ ಅಕ್ಕನ ಮಗನ ಜವಳ. ಕೊನೆಗೆ ಹುಸೇನಸಾಬ ನನ್ನ ಹತ್ತಿರ ಬಂದು, ‘ಸಾಹೇಬ್ರ, ನೀವು ಕಲ್ತವ್ರು, ಒಂದೀಟು ಧೈರ್ಯಾ ಹೇಳ್ರಿ ಅವ್ಗ’ ಎಂದ. ನಾನು ಶರಣಪ್ಪನನ್ನು ಕೂರಿಸಿಕೊಂಡು ಒಳ್ಳೆಯ ಭಾಷಣವನ್ನೇ ಮಾಡಿದೆ. ಅವನು ಕೈಕಟ್ಟಿ ಕೇಳಿದ.

‘ನಿಮಗ ಅಂಜಿಕಿ ಆಗ್ಲಿಲ್ರೀ ಸಾಹೇಬ್ರ?’

‘ಆಗಿತ್ತು. ಗೆದ್ದೆ.’

‘ಗೆದ್ದಿಂದ ಎಲ್ಲಿ ಹೋತ್ರಿ ಅದು?’

‘ಹೋತು, ಆತು. ನೀ ಮೊದಲ ಏರು’ ಎಂದು ಕಳಿಸಿದೆ.

ಡೋಣಿಯ ಕಡೆ, ಕಪ್ಪತಗುಡ್ಡದ ಬುಡದಲ್ಲಿ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ, ಮುಂದೆ ಬರುವ ಲಗ್ನದ ಮನೆಯವರು ಇನ್ನೂ ಇದ್ದಾರೆ. ದೊಡ್ಡ ಲೈನಿನಿಂದ ಒಂದು ಕವಲು ಒಡೆದು ಆ ಊರಿನ ಒಂದೇ ಒಂದು ಟ್ರಾನ್ಸ್‌ಫಾರ್ಮರಿಗೆ ಹೋಗುತ್ತಿತ್ತು. ಕವಲಿನ ದುರಸ್ತಿಗೆ ದಿನ ಗೊತ್ತು ಮಾಡಿ, ‘ಆ ದಿನ ಕರೆಂಟು ಇರೂದಿಲ್ಲ’ ಎಂದು ನಾವೇ ಊರಲ್ಲಿ ಡಂಗುರ ಸಾರಿಸಿದ್ದೆವು. ಜನರಿಗೆ ಅನಾನುಕೂಲ ಆಗಬಾರದು ಎಂಬುದು ನಮ್ಮ ಕಾಳಜಿ. ಅದೇ ದಿನ ಶರಣಪ್ಪನ ದೀಕ್ಷೆಯೆಂದು ನಿಶ್ಚಯವಾಯಿತು.

ಹುಸೇನಸಾಬ ತಾನೇ ಹೋಗಿ ಕವಲಿನ ಬುಡದ ಕಂಬದಲ್ಲಿದ್ದ, ಲೈನ್ ಬಂದ್ ಮಾಡುವ ಹ್ಯಾಂಡಲ್ ಇಳಿಸಿದ. ಕೀಲಿ ಹಾಕಿ, ಬೀಗದ ಕೈಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಇನ್ನೊಬ್ಬರ ಮೇಲೆ ಬಿಡುವ ಜಾಯಮಾನ ಅವನದಲ್ಲ. ಬಿಸಿಲು ಏರಿತ್ತು. ಊರೊಳಗೆ ಒಂದು ಲಗ್ನ ನಡೆದಿತ್ತು. ಲೌಡ್‌ಸ್ಪೀಕರಿನಲ್ಲಿ ಹಾಡಿನ ಮೇಲೆ ಹಾಡು. ನಾವೂ ಕೇಳುತ್ತ ಕೆಲಸ ಮಾಡಿದೆವು, ಒಂದಿಬ್ಬರು ತಲೆಯಾಡಿಸುತ್ತಲೂ ಇದ್ದರು. ಆ ಕಾಲದಲ್ಲಿ ಸ್ಪೀಕರುಗಳು ಬ್ಯಾಟರಿಯ ಮೇಲೆ ಹಾಡುತ್ತಿದ್ದವು. ಹಾಗಾಗಿ ಕರೆಂಟಿಲ್ಲದ ಊರಲ್ಲಿ ಹಾಡು ಹೇಗೆ ಎಂದು ಯಾರಿಗೂ ಅನಿಸಲಿಲ್ಲ. ನನಗೂ ಅನಿಸಲಿಲ್ಲ. ವಿದ್ಯುತ್ತಿನಲ್ಲಿ ಪದವಿ ಪಡೆದವನು ಅಲ್ಲಿ ನಾನೊಬ್ಬನೇ.

ಶರಣಪ್ಪ ಕಂಬದ ಹತ್ತಿರ ಬಂದಾಗ ಯಾಕೋ ಸ್ವಲ್ಪ ದಪ್ಪಗೆ ಕಂಡ.

‘ಹೆಣ್ತಿ ಕೈ ಅಡಗಿ ಮೈಗೆ ಹತ್ತೇತಿ ನೋಡ್ರಿ’ ಎಂದರು ಒಬ್ಬರು.

‘ಕಡೀ ಊಟ ಇರಬೌದಂತ ಛಲೋ ಹಾಕ್ಯಾಳ’ ಎಂದರು ಇನ್ನೊಬ್ಬರು. ಶರಣಪ್ಪ ನಗಲಿಲ್ಲ. ಅರಿಷಿಣ ಹಚ್ಚಿದ ಕಂಬಕ್ಕೆ ಕೈಮುಗಿದು ಹತ್ತಿದ. ನಿಧಾನವಾಗಿ, ಹಗ್ಗ ಬಿಗಿದುಕೊಂಡು, ತುದಿ ತಲುಪಿದ.

ಹುಸೇನಸಾಬ ಕಂಬದ ಮೇಲೆ ಕೈಯಿಟ್ಟ. ‘ಶರಣಪ್ಪಾ, ಲೈನ್ ಬಂದ್ ಐತಿ. ಮುಟ್ಟು.’

ಶರಣಪ್ಪ ಅಂಗಿಯ ಗುಂಡಿಗೆ ಕೈ ಹಾಕಿದ. ಊರೊಳಗೆ ಸ್ಪೀಕರ್ ಹಾಡುತ್ತಲೇ ಇತ್ತು.

‘ಮುಟ್ಟಪಾ. ನಾ ಅದೀನಿ’ ಎಂದ ಹುಸೇನಸಾಬ.

‘ದೊಡ್ಡಣ್ಣಾ, ಸಿಟ್ಟಾಗಬ್ಯಾಡ’ ಎಂದಿತು ಮೇಲಿನ ದನಿ. ಶರಣಪ್ಪ ಅಂಗಿ ಎತ್ತಿ, ಸೊಂಟಕ್ಕೆ ಸುತ್ತಿಕೊಂಡಿದ್ದ ಚೈನ್ ಬಿಚ್ಚಿದ. ನಮ್ಮ ಏಣಿ ಕಟ್ಟುವ ಚೈನ್. ಬೆಳಿಗ್ಗೆ ಕಿಟಕಿಯಿಂದ ಬಿಚ್ಚಿಕೊಂಡು ಬಂದಿದ್ದ. ಕೆಳಗೆ ಕೆಲವರು ಛೀ ಎಂದರು. ಒಬ್ಬ ನೆಲಕ್ಕೆ ಉಗುಳಿದ. ದೊಡ್ಡಣ್ಣನ ಮಾತಿಗೆ ಇಂಥ ಅವಮಾನ ಆವರೆಗೂ ಆಗಿರಲಿಲ್ಲ. ಶರಣಪ್ಪ ಒಂದು ತುದಿಯನ್ನು ಕಂಬದ ಅರ್ಥಿಂಗ್ ತಂತಿಗೆ ಬಿಗಿದು, ಇನ್ನೊಂದನ್ನು ಬೀಸಿ ಎಸೆದ.

ಚಟ್ ಎಂದು ನೀಲಿ ಬೆಳಕು ಹಾರಿತು. ಅದೇ ಕ್ಷಣ ಊರೊಳಗಿನ ಹಾಡು ಎಳೆಯತೊಡಗಿತು. ಹೆಣ್ಣಿನ ದನಿ ಗಂಡಿನದಾಗಿ, ಗಂಡಿನದು ಎಮ್ಮೆಯದಾಗಿ, ನಿಂತೇಹೋಯಿತು.

ಆ ಮೌನದಲ್ಲಿ ಲಗ್ನದ ಮನೆಯಿಂದ ಯಾರೋ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ‘ಏ, ಜನರೇಟರ್ ಬಂದ್ ಬಿತ್ತಲೋ, ನೋಡಲೇ.’

ಹುಸೇನಸಾಬ ಕಂಬದಿಂದ ಕೈ ತೆಗೆದು ಹಾಗೇ ನೆಲದ ಮೇಲೆ ಕುಳಿತ. ಜೇಬಿನಿಂದ ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. ಕೀಲಿ ಹಾಕಿದ್ದು ಖರೆ. ಬಂದ್ ಮಾಡಿದ್ದು ಖರೆ. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೇಲಿನಿಂದ ಶರಣಪ್ಪನ ದನಿ ಬಂತು. ‘ಅಣ್ಣಾ, ನಾ ಇನ್ನೂ ಮುಟ್ಟಿಲ್ಲ. ಇದು ನಡೀತೈತೇನು?’

ಅವನ ಕೈ ಕಂಬವನ್ನು ಬಿಡುತ್ತಿರಲಿಲ್ಲ. ಇಬ್ಬರು ಏರಿ ಬೆರಳು ಬಿಡಿಸಿ ಇಳಿಸಿಕೊಂಡು ಬಂದರು. ಆ ಇಬ್ಬರಲ್ಲಿ ಉಗುಳಿದವನೂ ಒಬ್ಬ.

ನಾನು ಲಗ್ನದ ಮನೆಗೆ ಹೋದೆ. ನಮ್ಮ ಡಂಗುರ ಕೇಳಿಯೇ ಅವರು ಗದಗಿನಿಂದ ಬಾಡಿಗೆಗೆ ಜನರೇಟರ್ ತರಿಸಿದ್ದರು. ಸ್ಪೀಕರಿಗಷ್ಟೇ ಕೊಡುವ ಬದಲು, ಮನೆಯ ದೀಪಗಳೂ ಉರಿಯಲಿ ಎಂದು ಅದರ ವೈರನ್ನು ಮನೆಯ ಮೀಟರ್ ಬೋರ್ಡಿಗೇ ಜೋಡಿಸಿ, ಮೇನ್ ಸ್ವಿಚ್ ಬಂದ್ ಮಾಡುವುದನ್ನು ಮರೆತಿದ್ದರು. ಆ ಕರೆಂಟು ಮನೆಯಿಂದ ಹೊರಬಿದ್ದು, ಬೀದಿಯ ತಂತಿ ಹಿಡಿದು, ಟ್ರಾನ್ಸ್‌ಫಾರ್ಮರಿಗೆ ಹಿಂದಿನ ಬಾಗಿಲಿನಿಂದ ಹೊಕ್ಕಿತ್ತು. ಟ್ರಾನ್ಸ್‌ಫಾರ್ಮರಿಗೆ ಯಾವ ಕಡೆಯಿಂದ ಬಂದರೂ ಒಂದೇ. ಮೇಲಿನಿಂದ ಬಂದದ್ದನ್ನು ಇಳಿಸುತ್ತದೆ, ಕೆಳಗಿನಿಂದ ಬಂದದ್ದನ್ನು ಏರಿಸುತ್ತದೆ. ಅದು ಏರಿಸಿ ನಮ್ಮ ಕವಲಿನ ಮೇಲೆ ಬಿಟ್ಟಿತ್ತು. ಹುಸೇನಸಾಬನ ಕೀಲಿ ಮುಂಬಾಗಿಲಿಗೆ ಮಾತ್ರ.

ನಾನು ಇದನ್ನೆಲ್ಲ ವಿವರಿಸಿದೆ. ಮದುಮಗಳ ತಂದೆ ಸಮಾಧಾನದಿಂದ ಕೇಳಿ, ‘ಅದೆಲ್ಲಾ ಇರ್ಲಿ ಸಾಹೇಬ್ರ. ಅಕ್ಕಿಕಾಳ ಹಾಕೂ ಹೊತ್ತಿಗೆ ನಮ್ಮ ಹಾಡ ನಿಲ್ಲಿಸಿದ್ರೆಲ್ಲಾ, ಅಪಶಕುನ ಅಲ್ಲೇನ್ರಿ?’ ಎಂದರು. ಆಮೇಲೆ, ‘ಆತು, ಆಗಿದ್ದಾತು. ಎಲ್ಲಾರೂ ಕುಂಡ್ರಿ, ಉಂಡ ಹೋಗ್ರಿ’ ಎಂದು ಎಲೆ ಹಾಕಿಸಿದರು. ಉಂಡೆವು. ಶರಣಪ್ಪ ಎರಡು ಸಲ ಬುಂದೆ ಹಾಕಿಸಿಕೊಂಡ. ಹುಸೇನಸಾಬ ಎಲೆಯ ಮುಂದೆ ಕೂತಿದ್ದ, ಅಷ್ಟೆ.

ಗದಗಿಗೆ ಹೋಗಿ ದೊಡ್ಡ ಸಾಹೇಬರಿಗೆ ತಿಳಿಸಿದೆ.

‘ಯಾರರ ಸತ್ರೇನು?’

‘ಇಲ್ರಿ.’

‘ಸುಟ್ಟತೇನು?’

‘ಇಲ್ರಿ.’

‘ಮತ್ತ ಆಗದ ಇದ್ದದ್ದನ್ನ ನಾ ಮ್ಯಾಲಿನವ್ರಿಗೆ ಹೆಂಗ ಹೇಳ್ಲಿ? ಮೊದಲ ಆಗ್ಲಿ’ ಎಂದರು.

ಬಳಗದಲ್ಲಿ ಬೇರೆಯೇ ಚರ್ಚೆ ಎದ್ದಿತ್ತು. ಶರಣಪ್ಪ ತಮ್ಮನೋ ಅಲ್ಲವೋ? ಮುಟ್ಟಲಿಲ್ಲ, ಹಾಗಾಗಿ ಅಲ್ಲ ಎಂದರು ಕೆಲವರು. ಮುಟ್ಟಿದ್ದರೆ ತಮ್ಮನಾಗಲು ಇರುತ್ತಲೇ ಇರಲಿಲ್ಲವಲ್ಲ ಎಂದರು ಇನ್ನು ಕೆಲವರು. ಆಮೇಲೆ ಹುಸೇನಸಾಬ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. ‘ನಾ ಇಷ್ಟು ದಿನ ಸುಳ್ಳು ಹೇಳಿಲ್ಲ ಅಂತ ಮೆರದೆ. ಬರೇ ಸುಳ್ಳಿನಿಂದ ಮಂದಿ ಸಾಯ್ತಾರಂತ ತಿಳಿದಿದ್ದೆ. ಈ ಶರಣ್ಯಾ ನನ್ನ ನಂಬ್ಲಿಲ್ಲಂತ ನಾ ಇವತ್ತ ಕೊಲೆಗಾರ ಆಗದ ಕುಂತೀನಿ.’

ಅಂದಿನಿಂದ ದೀಕ್ಷೆ ಬದಲಾಯಿತು. ದೊಡ್ಡಣ್ಣ ಹೇಳುವ ಮಾತು ಅದೇ. ಆದರೆ ಹೊಸಬ ಮೇಲಿನಿಂದ, ಎಲ್ಲರಿಗೂ ಕೇಳುವಂತೆ, ‘ಅಣ್ಣಾ, ನಿನ್ನ ಮಾತು ನಂಬೂದಿಲ್ಲ’ ಎನ್ನಬೇಕು. ಚೈನ್ ಎಸೆಯಬೇಕು. ಆಮೇಲೆ ಮುಟ್ಟಬೇಕು. ನೇರ ಮುಟ್ಟಿದವನು ನಾಪಾಸು. ಹಳಬರೆಲ್ಲರೂ ಮತ್ತೊಮ್ಮೆ ಏರಬೇಕು ಎಂದೂ ತೀರ್ಮಾನವಾಯಿತು. ಏಣಿ ಕಟ್ಟಲು ಹಗ್ಗ ತಂದೆವು.

ನನ್ನ ಸರದಿ ಶಿರಹಟ್ಟಿಯ ರಸ್ತೆಯಲ್ಲಿ ಬಂತು. ಮೊದಲ ಸಲ ಮಾತು ಕೇಳದಿದ್ದದ್ದು ಬಲಗಾಲು, ಈ ಸಲ ನಾಲಿಗೆ. ಕೆಳಗೆ ಆ ಬಿಳಿ ಗಡ್ಡದ ಮುಖ ಮೇಲೆ ನೋಡುತ್ತಿತ್ತು. ‘ಸಾಹೇಬ್ರ, ಲೈನ್ ಬಂದ್ ಐತಿ. ಮುಟ್ರಿ’ ಎಂದಿತು. ನನ್ನನ್ನು ಅಪ್ಪಿಕೊಂಡ, ಮಂಡಕ್ಕಿ ತಿನ್ನಿಸಿದ ಮನುಷ್ಯನಿಗೆ ಎಲ್ಲರೆದುರು ನಿನ್ನನ್ನು ನಂಬುವುದಿಲ್ಲ ಎನ್ನಬೇಕು. ಹುಡುಗರೇ, ಇದು ಸುಲಭವೆಂದು ತಿಳಿಯಬೇಡಿ. ಸಾಯುವ ಅಂಜಿಕೆಯನ್ನು ಕಣ್ಣು ಮುಚ್ಚಿಕೊಂಡು ದಾಟಬಹುದು. ಹಿರಿಯರ ಮನಸ್ಸು ನೋಯಿಸುವ ಅಂಜಿಕೆಗೆ ಕಣ್ಣು ಮುಚ್ಚಿದರೆ ಆಗುವುದಿಲ್ಲ. ನನ್ನ ಮೊದಲ ಪ್ರಯತ್ನ ನನಗಷ್ಟೇ ಕೇಳಿಸಿತು.

‘ಕೇಳಾಕ ಬರವಲ್ದು ಸಾಹೇಬ್ರ’ ಎಂದ ಹುಸೇನಸಾಬ.

‘ನಂಬೂದಿಲ್ಲ ಅಣ್ಣಾ’ ಎಂದೆ.

‘ಶಾಬಾಸ್’ ಎಂದ. ಮುಖ ಆ ಕಡೆ ತಿರುಗಿಸಿಕೊಂಡ.

ಕೊನೆಗೆ ಉಳಿದವನು ಅವನೇ. ಲಕ್ಷ್ಮೇಶ್ವರದ ಹೊರಗೆ, ಅವನ ಊರಿನ ಲೈನಿನಲ್ಲೇ, ಸೊಂಟಕ್ಕೆ ಚೈನ್ ಬಿಗಿದುಕೊಂಡು ಏರಿದ. ವಯಸ್ಸಾಗಿದ್ದರೂ ಕಂಬದ ಮೇಲೆ ಅವನ ಕಾಲು ಎಡವುತ್ತಿರಲಿಲ್ಲ. ಕೆಳಗೆ ನಿಂತು ಮಾತು ಹೇಳುವ ಹಕ್ಕನ್ನು ಶರಣಪ್ಪನಿಗೆ ಕೊಟ್ಟಿದ್ದೆವು. ಅವನು ನಾಚುತ್ತ ಕಂಬದ ಮೇಲೆ ಕೈಯಿಟ್ಟ.

‘ದೊಡ್ಡಣ್ಣಾ, ಲೈನ್ ಬಂದ್ ಐತಿ. ಮುಟ್ಟು.’

ಹುಸೇನಸಾಬ ಕೆಳಗೆ ನೋಡಿದ. ನಕ್ಕ. ‘ನಿನ್ನ ಮಾತಾ ಶರಣಪ್ಪಾ? ನಿನ್ನ ಮಾತು ನಂಬಬೌದಪಾ’ ಎಂದ. ಎನ್ನುತ್ತ, ಬಲಗೈ ಚಾಚಿದ.

‘ಚೈನ್’ ಎಂದು ನಾವೆಲ್ಲ ಒಮ್ಮೆಲೇ ಕೂಗಿದ್ದು ಲಕ್ಷ್ಮೇಶ್ವರದ ಅರ್ಧ ಊರಿಗೆ ಕೇಳಿರಬೇಕು. ಕೈ ತಂತಿಯಿಂದ ಎರಡು ಗೇಣು ಈಚೆ ನಿಂತಿತು. ಹುಸೇನಸಾಬ ತನ್ನ ಕೈಯನ್ನೇ, ಬೇರೆ ಯಾರದೋ ಎಂಬಂತೆ, ನೋಡಿದ. ಮೆಲ್ಲಗೆ ಹಿಂತೆಗೆದುಕೊಂಡು ಚೈನ್ ಬಿಚ್ಚಿ ಎಸೆದ. ಏನೂ ಆಗಲಿಲ್ಲ. ಲೈನ್ ನಿಜವಾಗಿಯೂ ಬಂದ್ ಇತ್ತು.

ಅವನು ಇಳಿದು ಬಂದ. ಶರಣಪ್ಪ ನೆಲ ನೋಡುತ್ತ ಹೇಳಿದ. ‘ದೊಡ್ಡಣ್ಣಾ, ನೀ ನಾಪಾಸ್.’

‘ಚಾಷ್ಟಿ ಮಾಡಿದ್ನೆಲೇ.’

‘ಆದ್ರೂ ನಾಪಾಸ್.’

ಹುಸೇನಸಾಬ ಮೊಣಕಾಲು ತಿಕ್ಕಿಕೊಂಡ. ‘ಖರೆ ಐತಿ’ ಎಂದ. ‘ಮುಂದಿನ ಸಲ ಲೈನ್ ಬಂದ್ ಇಟ್ಟಾಗ ಮತ್ತ ಏರ್ತೀನಿ.’ ಏರಿದ ಕೂಡ. ಆ ಸಲ ‘ನಂಬೂದಿಲ್ಲ’ ಎಂಬುದನ್ನು ಮಸೀದಿಯ ಬಾಂಗಿನಷ್ಟು ದೊಡ್ಡ ದನಿಯಲ್ಲಿ ಹೇಳಿ ಪಾಸಾದ.

ಅವನು ನಿಜವಾಗಿ ತಮಾಷೆ ಮಾಡಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಸೇನಸಾಬ ತೀರಿಕೊಂಡು ವರ್ಷಗಳಾದವು, ಹಾಸಿಗೆಯ ಮೇಲೆ, ಮಕ್ಕಳು ಮೊಮ್ಮಕ್ಕಳ ನಡುವೆ. ಈಗಲೂ ಎಲ್ಲಾದರೂ ಮದುವೆಯ ಹಾಡು ನಡುವೆ ನಿಂತರೆ ನಾನು ತಲೆಯೆತ್ತಿ ಕಂಬ ಹುಡುಕುತ್ತೇನೆ. ಆದರೆ ಆಗ ಕಣ್ಣ ಮುಂದೆ ಬರುವುದು ಡೋಣಿಯ ಕಡೆಯ ಆ ನೀಲಿ ಬೆಳಕಲ್ಲ. ಎಲ್ಲವನ್ನೂ ಬಲ್ಲ ಒಂದು ಮುದಿ ಕೈ, ಕೆಳಗೆ ನಿಂತವನ ಮೇಲಿನ ಪ್ರೀತಿಗೆ, ನಗುತ್ತ ತಂತಿಯ ಕಡೆ ಚಾಚಿದ್ದು.